ಅಮ್ಮನಿಗೂ ಇತ್ತಾ ಎಂದು ಕೇಳಿದರು

ಮಾರ್ಚ್ 6

ಅಣ್ಣನಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ತಿಂಗಳಿಗೊಮ್ಮೆ ಅಣೆಕಟ್ಟಿನಿಂದ ಕೆಳಗಿಳಿದು ಬಂದಾಗ ನೀನು ಫೋನ್ ಮಾಡುತ್ತೀಯಲ್ಲ, ಕಳೆದ ಎರಡು ಸಲ ನಾನು ಎತ್ತಲಿಲ್ಲ. ಸಿಟ್ಟಿನಿಂದ ಅಲ್ಲ. ಫೋನಿನ ಬೆಳಕು ಕಣ್ಣಿಗೆ ಬಿದ್ದರೆ ಎಡಗಡೆ ಹಣೆಯ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಗುತ್ತದೆ. ಕಾಗದವಾದರೆ ಪರದೆ ಎಳೆದುಕೊಂಡು, ಬಿಟ್ಟು ಬಿಟ್ಟು ಬರೆಯಬಹುದು. ನಿನ್ನ ಗುಡ್ಡಕ್ಕೆ ವಾರಕ್ಕೊಂದು ಜೀಪು ಅಂಚೆ ತರುತ್ತದೆ ಎಂದಿದ್ದೆಯಲ್ಲ, ಅದನ್ನೇ ನೆಚ್ಚಿಕೊಂಡು ಬರೆಯುತ್ತಿದ್ದೇನೆ.

ತಲೆನೋವು ಹೊಸದೇನಲ್ಲ. ಎರಡು ವರ್ಷದಿಂದ ಆಗಾಗ ಬರುತ್ತದೆ, ಹೋಗುತ್ತದೆ. ಕೆಲಸದ ಕೋಣೆಯೂ ಹಾಗೇ ಇದೆ ಬಿಡು. ಬಟ್ಟೆ ಅಂಗಡಿಯ ಹಿಂಭಾಗ, ಕಿಟಕಿ ಇಲ್ಲ, ನನ್ನ ಹೊಲಿಗೆ ಯಂತ್ರದ ನೆತ್ತಿಯ ಮೇಲೆ ಒಂದು ಟ್ಯೂಬ್‌ಲೈಟು, ಅದು ಮಿಟುಕುತ್ತಲೇ ಇರುತ್ತದೆ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು. ಪಕ್ಕದಲ್ಲಿ ಇಸ್ತ್ರಿ ಮಾಡುವ ಅಕ್ಕ, "ಕಣ್ಣು ತೋರಿಸ್ಕೋ ಮಾರಾಯ್ತಿ, ದಾರ ಪೋಣಿಸೋಕೆ ಮೂರು ಸಲ ಒದ್ದಾಡ್ತೀಯ" ಎನ್ನುತ್ತಾಳೆ. ನಾಡಿದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ.

ನೀನು ಹೇಗಿದ್ದೀಯ? ಊಟ ಯಾರು ಮಾಡುತ್ತಾರೆ?

ತಂಗಿ


ಮಾರ್ಚ್ 13

ಪುಟ್ಟಿ,

ಕಾಗದ ಸಿಕ್ಕಿತು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು, ಕಚೇರಿಯ ಮೊಹರಿಲ್ಲದ ಕಾಗದ ನನಗೆ ಬಂದಿದ್ದು ಇದೇ ಮೊದಲು. ಜೀಪಿನವನು ಮೂರು ಸಲ ತಿರುಗಿಸಿ ನೋಡಿ ಕೊಟ್ಟ.

ಕಣ್ಣೇ ಇರಬೇಕು. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಕನ್ನಡಕ ಬರುತ್ತದೆ, ನನಗೂ ಬಂದಿದೆ. ನೀರು ಸರಿಯಾಗಿ ಕುಡಿ. ಹೊತ್ತಿಗೆ ಸರಿಯಾಗಿ ಮಲಗು. ಚಿಕ್ಕಂದಿನಿಂದಲೂ ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುವ ಸ್ವಭಾವ ನಿನ್ನದು, ಅದನ್ನು ಬಿಡು.

ಇಲ್ಲಿ ಏನೂ ವಿಶೇಷವಿಲ್ಲ. ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಅಳತೆ ಕಂಬ ನೋಡಿ ನೀರಿನ ಮಟ್ಟ ಬರೆಯುತ್ತೇನೆ. ಈಗ ದಿನಾ ಒಂದು ಬೆರಳಿನಷ್ಟು ಇಳಿಯುತ್ತಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ತಿನ್ನುವವನೂ ನಾನೇ ಆದ್ದರಿಂದ ದೂರು ಬಂದಿಲ್ಲ.

ಅಣ್ಣ


ಏಪ್ರಿಲ್ 10

ಅಣ್ಣ,

ಕನ್ನಡಕ ಬಂತು. ದಾರ ಈಗ ಒಂದೇ ಸಲಕ್ಕೆ ಸೂಜಿಗೆ ಹೋಗುತ್ತದೆ. ತಲೆನೋವು ಮಾತ್ರ ಇದ್ದಲ್ಲೇ ಇದೆ.

ಕಣ್ಣಿನವರು ಮೂಗಿನವರ ಕಡೆ ಕಳಿಸಿದರು. ಮೂಗಿನವರು ಒಳಗೆ ಲೈಟು ಬಿಟ್ಟು ನೋಡಿ, "ಸೈನಸ್ ಇರಬಹುದು" ಎಂದು ಉಪ್ಪುನೀರಿನಲ್ಲಿ ಮೂಗು ತೊಳೆದುಕೊಳ್ಳಲು ಹೇಳಿದರು. ಹದಿನೈದು ದಿನ ತೊಳೆದೆ. ಊರಲ್ಲಿ ನನ್ನಷ್ಟು ಶುಭ್ರವಾದ ಮೂಗು ಇನ್ನೊಬ್ಬರಿಗೆ ಇರಲಾರದು. ಆಮೇಲೆ ಅಂಗಡಿ ಮೇಡಂ ತಮ್ಮ ಪರಿಚಯದ ಹಲ್ಲಿನ ಡಾಕ್ಟರ ಹೆಸರು ಹೇಳಿದರು. ಅವರು ದವಡೆಯ ಕೊನೆಯ ಹಲ್ಲೇ ಕಾರಣ ಎಂದು ಅದನ್ನು ಕಿತ್ತರು. ಈಗ ಹಲ್ಲೂ ಇಲ್ಲ, ನೋವೂ ಹೋಗಿಲ್ಲ.

ಒಬ್ಬೊಬ್ಬರೂ ಒಳ್ಳೆಯವರೇ. ಆದರೆ ಒಬ್ಬರು ಕಣ್ಣಿನಷ್ಟು ಜಾಗ ನೋಡುತ್ತಾರೆ, ಇನ್ನೊಬ್ಬರು ಮೂಗಿನಷ್ಟು. ತಲೆಯನ್ನು ಯಾರು ನೋಡುತ್ತಾರೆ ಎಂದು ಯಾರನ್ನು ಕೇಳಬೇಕೋ ಗೊತ್ತಾಗುತ್ತಿಲ್ಲ. ಐದು ನಿಮಿಷಕ್ಕಿಂತ ಹೆಚ್ಚು ಯಾರೂ ಮಾತಾಡಿಸಲಿಲ್ಲ. ಯಾವಾಗ ಶುರುವಾಯಿತು ಎಂದು ಕೇಳುತ್ತಾರೆ, ನಾನು ಬಾಯಿ ತೆರೆಯುವಷ್ಟರಲ್ಲಿ ಚೀಟಿ ಬರೆದು ಮುಗಿದಿರುತ್ತದೆ.

ಒಂದು ಮಾತು. ಆಗಾಗ ಬರುತ್ತದೆ ಎಂದು ಬರೆದಿದ್ದೆನಲ್ಲ, ಅದು ಸರಿಯಲ್ಲ. ಹೆಚ್ಚುಕಡಿಮೆ ದಿನಾ ಇರುತ್ತದೆ. ವಾರಕ್ಕೆರಡು ಸಲ ವಾಂತಿಯಾಗುವಷ್ಟು.

ತಂಗಿ


ಏಪ್ರಿಲ್ 17

ಪುಟ್ಟಿ,

ದಿನಾ ಇರುತ್ತದೆ ಎಂದರೆ ಹೇಗೆ? ಮೊದಲೇ ಯಾಕೆ ಹೇಳಲಿಲ್ಲ? ದೊಡ್ಡ ಆಸ್ಪತ್ರೆಗೆ ಹೋಗು, ತಲೆಯ ಸ್ಕ್ಯಾನ್ ಮಾಡಿಸು. ಸುಮ್ಮನೆ ಅಲ್ಲಿ ಇಲ್ಲಿ ತಿರುಗಬೇಡ.

ಏನೂ ಇರುವುದಿಲ್ಲ, ಹೆದರಬೇಡ. ಒಂಟಿಯಾಗಿದ್ದರೆ ಮನಸ್ಸು ಒಂದಕ್ಕೆ ಹತ್ತು ಸೇರಿಸಿಕೊಳ್ಳುತ್ತದೆ. ಇಲ್ಲಿ ನನಗೂ ಹಾಗಾಗುತ್ತದೆ, ಗಾಳಿಗೆ ಬಾಗಿಲು ಅಲ್ಲಾಡಿದರೆ ಯಾರೋ ಬಂದರು ಎಂದು ಎದ್ದು ನೋಡುತ್ತೇನೆ. ಬೇರೆ ಕಡೆ ಗಮನ ಕೊಟ್ಟರೆ ಅರ್ಧ ನೋವು ತಾನಾಗಿ ಕಡಿಮೆಯಾಗುತ್ತದೆ.

ಅಣ್ಣ


ಮೇ 29

ಅಣ್ಣ,

ಆರು ವಾರದಿಂದ ನಾನು ಬರೆದಿಲ್ಲ. ಬರೆಯಬಾರದು ಎಂದೇ ಇದ್ದೆ. ನೀನು ಒಂದಕ್ಕೆ ಹತ್ತು ಎಂದು ಬರೆದಿದ್ದನ್ನು ಓದಿದ ದಿನ ನಾನು ಕೆಲಸದ ಕೋಣೆಯಲ್ಲಿ ಬಟ್ಟೆ ರಾಶಿಯ ಹಿಂದೆ, ನೆಲದ ಮೇಲೆ ಮಲಗಿದ್ದೆ.

ಸ್ಕ್ಯಾನ್ ಆಯಿತು. ಯಂತ್ರದೊಳಗೆ ಮಲಗಿಸಿ ಅಲ್ಲಾಡಬೇಡಿ ಎಂದರು. ಒಳಗೆ ನಾನು ಏನು ಬೇಡಿಕೊಂಡೆ ಗೊತ್ತಾ? ಏನಾದರೂ ಸಿಗಲಿ ಎಂದು. ಕೆಟ್ಟದ್ದಾದರೂ ಸರಿ, ಬೆರಳಿಟ್ಟು ತೋರಿಸುವಂಥದ್ದು ಒಂದು ಸಿಗಲಿ ಎಂದು. ಏನೂ ಸಿಗಲಿಲ್ಲ. ಅಲ್ಲಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಎಲ್ಲಾ ಚೆನ್ನಾಗಿದೆಯಲ್ಲಮ್ಮ, ಸಂತೋಷಪಡಿ. ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಎಂದರು. ಹೊರಗೆ ಬಂದು ಅವರ ಮೆಟ್ಟಿಲ ಮೇಲೆ ಕೂತು ಅತ್ತೆ. ನೋಡಿದವರು ರಿಪೋರ್ಟು ಕೆಟ್ಟದಾಗಿ ಬಂದಿದೆ ಎಂದುಕೊಂಡಿರಬೇಕು. ಒಬ್ಬ ಹೆಂಗಸು ನೀರು ಕೊಟ್ಟು ಹೋದಳು.

ಕಳೆದ ವಾರ ಇನ್ನೊಂದು ಆಯಿತು. ಗಿರಾಕಿಯೊಬ್ಬರ ಕೋಟಿನ ತೋಳು ಚಿಕ್ಕದು ಮಾಡಬೇಕಿತ್ತು. ಗುರುತು ಹಾಕಿದ ಗೆರೆ ಎರಡೆರಡಾಗಿ ಕಂಡಿತು, ತಪ್ಪು ಗೆರೆಗೆ ಕತ್ತರಿ ಹಾಕಿದೆ. ಇಪ್ಪತ್ತು ವರ್ಷದಲ್ಲಿ ಹೀಗೆ ಮಾಡಿರಲಿಲ್ಲ. ಮೇಡಂ ಬೈಯಲಿಲ್ಲ. ಅವತ್ತಿನಿಂದ ಕತ್ತರಿಸುವ ಕೆಲಸ ಕೊಡುವುದನ್ನು ನಿಲ್ಲಿಸಿದ್ದಾರೆ, ಗುಂಡಿ ಹಚ್ಚಲು ಕೂರಿಸಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು.

ಕೆಳಮನೆಯಲ್ಲಿ ಒಬ್ಬರು ನರ್ಸಮ್ಮ ಇದ್ದಾರೆ, ಕೆಲಸದಿಂದ ನಿವೃತ್ತರಾದವರು. ಮೊನ್ನೆ ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದೆ. ನೋಡಿದವರೇ ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. "ಎಷ್ಟು ಜನ ಡಾಕ್ಟರನ್ನ ನೋಡಿದ್ರಿ?" ಎಂದರು. ನಾಲ್ಕು ಎಂದೆ. "ನರರೋಗದವರನ್ನ ನೋಡಿದ್ರಾ? ಅವರಲ್ಲೂ ತಲೆನೋವೇ ನೋಡೋರು ಬೇರೆ ಇರ್ತಾರೆ. ಸ್ಕ್ಯಾನ್ ಓದೋರಲ್ಲ, ನಿಮ್ಮ ಮಾತು ಕೇಳೋರು ಬೇಕು ನಿಮಗೆ" ಎಂದರು. ತಲೆನೋವಿಗೇ ಅಂತ ಒಬ್ಬ ಡಾಕ್ಟರು ಇರುತ್ತಾರೆ ಎಂದು ಈ ಎರಡು ವರ್ಷದಲ್ಲಿ ನನಗೆ ಹೇಳಿದ ಮೊದಲ ಮನುಷ್ಯರು ಅವರು. ನಗರದ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಮಂಗಳವಾರ ಮಂಗಳವಾರ ನೋಡುತ್ತಾರಂತೆ. ಮೂರು ವಾರ ಬಿಟ್ಟು ಸಮಯ ಸಿಕ್ಕಿದೆ. ಅಲ್ಲಿಯವರೆಗೆ ಒಂದು ಪುಸ್ತಕದಲ್ಲಿ ದಿನಾ ಬರೆದಿಡಲು ನರ್ಸಮ್ಮ ಹೇಳಿದ್ದಾರೆ. ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು, ಏನು ತಗೊಂಡೆ.

ತಂಗಿ


ಜೂನ್ 5

ಪುಟ್ಟಿ,

ಹಾಗೆ ಬರೆಯಬಾರದಿತ್ತು. ತಪ್ಪಾಯಿತು.

ಆ ಡಾಕ್ಟರ ಹತ್ತಿರ ಖಂಡಿತ ಹೋಗು. ಅವರು ಏನು ಹೇಳಿದರು ಎಂದು ಬರೆ. ದೊಡ್ಡ ಕಾಗದ ಬೇಡ, ಎರಡು ಸಾಲು ಸಾಕು.

ಅಣ್ಣ


ಜೂನ್ 24

ಅಣ್ಣ,

ಎರಡು ಸಾಲಿನಲ್ಲಿ ಮುಗಿಯುವುದಿಲ್ಲ.

ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಸಣ್ಣ ಕೋಣೆ. ನಾನು ಒಳಗೆ ಹೋದ ಕೂಡಲೇ ಎದ್ದು ಹೋಗಿ ದೀಪ ಆರಿಸಿ, ಕಿಟಕಿಯ ಬೆಳಕು ಸಾಕು ಎಂದರು. ನಾನು ಏನೂ ಹೇಳಿರಲಿಲ್ಲ. ಸ್ಕ್ಯಾನು, ಚೀಟಿ ಎಲ್ಲ ಮೇಜಿನ ಮೇಲಿಟ್ಟೆ. ಅದನ್ನು ಪಕ್ಕಕ್ಕೆ ಸರಿಸಿ, "ಆಮೇಲೆ ನೋಡ್ತೀನಿ. ಮೊದಲಿಂದ ನೀವೇ ಹೇಳಿ" ಎಂದರು.

"ಎಲ್ಲಿಂದ ಮೊದಲು?" ಎಂದೆ.

"ನಿಮಗೆ ನೆನಪಿರೋ ಮೊದಲನೇ ತಲೆನೋವಿಂದ."

ಹೇಳುತ್ತಾ ಹೋದಾಗ ಎರಡು ವರ್ಷದ ಕಥೆ ಅಲ್ಲ ಎಂದು ನನಗೇ ಗೊತ್ತಾಯಿತು. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆಯಿಂದ ಅರ್ಧಕ್ಕೆ ಮನೆಗೆ ಬಂದು ಮಂಚದ ಕೆಳಗೆ ಕತ್ತಲಲ್ಲಿ ಮಲಗುತ್ತಿದ್ದೆ. ಓದು ತಪ್ಪಿಸಲು ಹೂಡಿದ ಆಟ ಎಂದು ಸೋದರತ್ತೆ ಬೈಯುತ್ತಿದ್ದರು, ನಾನೂ ಅದನ್ನೇ ನಂಬಿದ್ದೆ. ಡಾಕ್ಟರು ಮಧ್ಯೆ ಬಾಯಿ ಹಾಕಲಿಲ್ಲ. ಮುಕ್ಕಾಲು ಗಂಟೆ ಕೇಳಿದರು.

ಆಮೇಲೆ, "ನೋವಿನ ಮಾತ್ರೆ ಎಷ್ಟು ತಗೋತೀರಿ?" ಎಂದರು. ಯಾವಾಗಲಾದರೊಮ್ಮೆ ಎಂದೆ. ನಾಲ್ಕು ಡಾಕ್ಟರಿಗೂ ಅದನ್ನೇ ಹೇಳಿದ್ದೆ. ಅವರು ನನ್ನ ಪುಸ್ತಕಕ್ಕೆ ಕೈ ಚಾಚಿದರು. ಅದರಲ್ಲಿ ಮಾತ್ರೆಯ ಕಾಲಂ ಖಾಲಿ ಬಿಟ್ಟಿದ್ದೆ. ನನ್ನ ಮುಖ ನೋಡಿದರು, ಬೈಯುವ ಹಾಗೆ ಅಲ್ಲ. ಕೈಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲಿಟ್ಟೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಿಂಬಿನ ಕೆಳಗೆ, ನನ್ನ ಕೋಟಿನ ಜೇಬಿನಲ್ಲಿ ಇನ್ನೂ ಇವೆ ಎಂದೆ. ದಿನಾ ತಗೊಳ್ಳುತ್ತಿದ್ದೆ ಅಣ್ಣ. ಬೆಳಗ್ಗೆ ಎದ್ದ ಕೂಡಲೇ, ನೋವು ಬರುವ ಮೊದಲೇ, ಬಂದುಬಿಟ್ಟರೆ ಎಂಬ ಹೆದರಿಕೆಗೆ. ನಿನಗೂ ಹೇಳಿರಲಿಲ್ಲ.

ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ನನಗೆ ಮೊದಲಿನಿಂದ ಇರುವುದು ಮೈಗ್ರೇನ್. ಅದಕ್ಕೆ ದಿನಾ ಮಾತ್ರೆ ನುಂಗಿ ನುಂಗಿ, ಈಗ ಮಾತ್ರೆಯೇ ಹೊಸ ತಲೆನೋವು ತರುತ್ತಿದೆ. "ಇದು ನಿಮ್ಮ ತಪ್ಪಲ್ಲ. ನೋವಿದ್ರೆ ಯಾರಾದ್ರೂ ಮಾತ್ರೆ ತಗೋತಾರೆ. ಎಷ್ಟು ಅಂತ ಕೇಳಬೇಕಾಗಿದ್ದು ನಾವು" ಎಂದರು. ಇವನ್ನು ಪೂರ್ತಿ ನಿಲ್ಲಿಸಬೇಕು, ನೋವು ಬರದಂತೆ ತಡೆಯಲು ಬೇರೆ ಔಷಧಿ ಕೊಡುತ್ತಾರೆ. ಅದು ಹಿಡಿಯಲು ವಾರಗಳಾಗುತ್ತವೆ. ಮೊದಲ ದಿನಗಳು ಈಗಿನದಕ್ಕಿಂತ ಕೆಟ್ಟದಾಗಿರುತ್ತವೆ. "ಮನೇಲಿ ಜೊತೆಗೆ ಯಾರಿದ್ದಾರೆ?" ಎಂದು ಕೇಳಿದರು. ಇದ್ದಾರೆ ಎಂದೆ. ಯಾಕೆ ಹಾಗೆಂದೆನೋ.

ಕೊನೆಗೆ ಇನ್ನೊಂದು ಕೇಳಿದರು. ಇದು ಮನೆತನದಲ್ಲಿ ಬರುತ್ತದಂತೆ. "ನಿಮ್ಮ ಅಮ್ಮನಿಗೂ ಇತ್ತಾ?"

ನಾನು ಆರು ವರ್ಷದವಳಿದ್ದಾಗ ಅಮ್ಮ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು, ಅವಳ ವಿಷಯ ನನಗೆ ಗೊತ್ತಿಲ್ಲ ಎಂದೆ. ನಿಜ ಅಲ್ಲವಾ, ನನಗೆ ಅವಳ ಬಗ್ಗೆ ಗೊತ್ತಿರುವುದು ಒಂದೇ, ನಾನೆಂದರೆ ಅವಳಿಗೆ ಅಷ್ಟಕ್ಕಷ್ಟೆ ಎಂಬುದು. ಅದನ್ನು ಡಾಕ್ಟರಿಗೆ ಹೇಳಿ ಏನು ಉಪಯೋಗ? ಅಣ್ಣ ಒಂಬತ್ತು ವರ್ಷ ದೊಡ್ಡವನು, ಅವನನ್ನು ಕೇಳಿ ಹೇಳುತ್ತೇನೆ ಎಂದು ಬಂದೆ. ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ಮತ್ತೆ ಹೋಗಬೇಕು.

ಅಮ್ಮನಿಗೆ ತಲೆನೋವು ಇತ್ತಾ?

ತಂಗಿ


ಜುಲೈ 8

ಅಣ್ಣ,

ಎರಡು ಜೀಪು ಬಂದು ಹೋಗಿರಬೇಕು. ದಾರಿ ಕುಸಿದಿದೆಯಾ? ಹುಷಾರಿದ್ದೀಯ ತಾನೆ?

ಮಾತ್ರೆ ನಿಲ್ಲಿಸಿ ಇವತ್ತಿಗೆ ಹದಿಮೂರು ದಿನ. ಎಂಟು ದಿನ ರಜೆ ಹಾಕಿದ್ದೆ. ನಾಲ್ಕನೇ ದಿನ ಬಕೆಟ್ ಪಕ್ಕಕ್ಕಿಟ್ಟುಕೊಂಡು ಬಾತ್‌ರೂಮಿನ ಬಾಗಿಲಲ್ಲೇ ಮಲಗಿದ್ದೆ. ಎದ್ದು ಹೋಗಿ ಕೋಟಿನ ಜೇಬು ತಡಕಿದೆ. ಒಂದಿತ್ತು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಅಂಗೈ ಬೆವರಿಗೆ ಅದು ಕರಗಿ ಅಂಟಿಕೊಂಡಿತ್ತು. ಕೈ ತೊಳೆದುಕೊಂಡೆ. ನರ್ಸಮ್ಮ ಗಂಜಿ ತಂದು ಬಾಗಿಲ ಹೊರಗೆ ಇಡುತ್ತಾರೆ. ತಟ್ಟುವುದಿಲ್ಲ, ಸದ್ದು ಆಗಬಾರದೆಂದು.

ಬೇರೆ ಯಾರೂ ಬರುವವರಿಲ್ಲ. ನಿನ್ನ ಕಾಗದ ಬರುತ್ತದೆ ಎಂದು ದಿನಾ ಅವರ ಕೈಲೇ ಕೆಳಗಿನ ಅಂಚೆ ಡಬ್ಬ ನೋಡಿಸುತ್ತೇನೆ.

ಒಂದು ಹೌದು ಅಥವಾ ಇಲ್ಲ ಬರೆಯಲು ಇಷ್ಟು ದಿನ ಬೇಕಾ?

ತಂಗಿ


ಜುಲೈ 12

ಪುಟ್ಟಿ,

ದಾರಿ ಸರಿಯಾಗಿಯೇ ಇದೆ. ನಾನೇ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ಹೌದು. ಅಮ್ಮನಿಗೆ ಇತ್ತು.

ನನಗೆ ಬುದ್ಧಿ ಬಂದಾಗಿನಿಂದ ಇತ್ತು. ಹಣೆಗೆ ಬಟ್ಟೆ ಬಿಗಿದು ಒಳಕೋಣೆಯಲ್ಲಿ ಮಲಗುತ್ತಿದ್ದಳು. ಕಿಟಕಿಗೆ ಕಂಬಳಿ. ವಾಂತಿಯ ಬಕೆಟ್ ನಾನೇ ಚೆಲ್ಲಿ ಬರುತ್ತಿದ್ದೆ. ಒಮ್ಮೆ ಒಬ್ಬ ಡಾಕ್ಟರು ಮನೆಗೆ ಬಂದು ಹೊಸಲಲ್ಲೇ ನಿಂತು, "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಹೋದರು. ಆಮೇಲೆ ಬೇರೆ ಯಾರನ್ನೂ ಕರೆಸಲಿಲ್ಲ. ಅತ್ತೆ ನಾಟಕ ಎನ್ನುತ್ತಿದ್ದರು. ಅಪ್ಪ ಏನೂ ಅನ್ನುತ್ತಿರಲಿಲ್ಲ, ಪಾಳಿ ಮುಗಿಸಿ ಬಂದು ಆಚೆ ಕೋಣೆಯಲ್ಲಿ ಮಲಗುತ್ತಿದ್ದರು. ನಾಟಕವೇ ಎಂದು ನಾನೂ ನಂಬಿದ್ದೆ. ಹದಿನಾಲ್ಕು ವರ್ಷದ ಹುಡುಗನಿಗೆ ನಂಬಲು ಅದು ಅನುಕೂಲವಾಗಿತ್ತು.

ಇಷ್ಟು ಬರೆಯಲು ನಾಲ್ಕು ಸಲ ಹರಿಯಬೇಕಿರಲಿಲ್ಲ. ಮುಂದಿನದಕ್ಕೆ ಹರಿದೆ.

ನೀನು ಶಾಲೆಗೆ ಸೇರಿದ ವರ್ಷ. ಒಂದು ದಿನ ನೀನು ಸ್ಲೇಟಿನ ಮೇಲೆ ಅದೇನೋ ಬರೆದುಕೊಂಡು ಓಡಿ ಬಂದು ಅವಳ ಬಾಗಿಲು ಬಡಿಯುತ್ತಿದ್ದೆ. ಅಮ್ಮ ಒಳಗಿನಿಂದ ನನ್ನನ್ನು ಕರೆದಳು. "ಪುಟ್ಟಿನ ಸ್ವಲ್ಪ ಹೊತ್ತು ಆಚೆ ಆಡಿಸಪ್ಪ, ಸದ್ದು ತಡ್ಕೊಳ್ಳೋಕೆ ಆಗ್ತಿಲ್ಲ. ಆಮೇಲೆ ಕಳಿಸು, ನೋಡ್ತೀನಿ" ಎಂದಳು. ನನಗೆ ಆಟಕ್ಕೆ ಹೋಗಬೇಕಿತ್ತು, ಹೊರಗೆ ಗೆಳೆಯರು ಕಾಯುತ್ತಿದ್ದರು. ಸಿಟ್ಟು ಬಂತು. ನಿನ್ನ ರಟ್ಟೆ ಹಿಡಿದೆಳೆದು, "ಅಮ್ಮನಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ವಂತೆ, ಇನ್ಮೇಲೆ ಬರಬೇಡ" ಎಂದೆ.

ನೀನು ಅಳಲಿಲ್ಲ. ಸ್ಲೇಟನ್ನು ಲಂಗಕ್ಕೆ ಒರೆಸಿಕೊಂಡು ಹೋದೆ. ಆಮೇಲೆ ಆ ಕೋಣೆಗೆ ನೀನಾಗಿ ಹೋಗಲೇ ಇಲ್ಲ. ಎಂಟು ತಿಂಗಳು. ನೋವು ಇಳಿದ ದಿನ ಅಮ್ಮ ಎದ್ದು ಕೂತು ಕೇಳುತ್ತಿದ್ದಳು, "ಪುಟ್ಟಿ ಯಾಕೋ ನನ್ನ ಹತ್ರ ಬರೋದೇ ಇಲ್ಲ?" ನಾನು "ಆಡ್ತಿದ್ದಾಳೆ" ಎನ್ನುತ್ತಿದ್ದೆ. ನಿಜ ಹೇಳಿದ್ದರೆ ಏಟು ಬೀಳುತ್ತಿತ್ತು, ಅಷ್ಟೇ. ಒಂದು ಏಟಿನ ಹೆದರಿಕೆಗೆ ಸುಮ್ಮನಿದ್ದೆ. ಆಮೇಲೆ ಅವಳು ಹೋದಳು, ಹೇಳುವ ಹೊತ್ತು ಮೀರಿತು.

ನಿನಗೆ ಮರೆತಿರಬೇಕು ಎಂದುಕೊಂಡಿದ್ದೆ. ಅಷ್ಟಕ್ಕಷ್ಟೆ ಎಂದು ನೀನು ಬರೆದದ್ದು ಓದಿದ ಮೇಲೆ ಅದು ಎಲ್ಲಿಂದ ಬಂತು ಎಂದು ಗೊತ್ತಾಯಿತು.

ಡಾಕ್ಟರಿಗೆ ಹೌದು ಎಂದು ಹೇಳು.

ಅಣ್ಣ


ಆಗಸ್ಟ್ 7

ಪುಟ್ಟಿ,

ನೀನು ಬರೆಯದಿರುವುದು ಸರಿಯೇ. ಬರೆ ಎಂದು ಕೇಳುವುದಿಲ್ಲ.

ಡಾಕ್ಟರು ಏನೆಂದರು ಎಂಬುದನ್ನಷ್ಟೇ ನರ್ಸಮ್ಮನ ಕೈಲಾದರೂ ತಿಳಿಸು. ಬೆಳಗ್ಗೆ ಮೆಟ್ಟಿಲಿಳಿದು ಕಂಬದ ಮುಂದೆ ನಿಂತವನು ಅಂಕಿ ಬರೆಯುವುದನ್ನೇ ಮರೆತು ವಾಪಸು ಬಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅಣ್ಣ


ಸೆಪ್ಟೆಂಬರ್ 18

ಅಣ್ಣ,

ನಿನ್ನ ಜುಲೈ ಕಾಗದವನ್ನು ಡಬ್ಬದ ಹತ್ತಿರವೇ ನಿಂತು ಓದಿದೆ. ಆಮೇಲೆ ಮೇಲೆ ಬಂದು ನಿನಗೆ ಒಂದು ಕಾಗದ ಬರೆದೆ. ಅದನ್ನು ಕಳಿಸಿಲ್ಲ, ಕಳಿಸುವಂಥದ್ದಲ್ಲ. ನಿನ್ನನ್ನು ಏನೇನು ಅನ್ನಬಹುದೋ ಎಲ್ಲ ಅಂದಿದ್ದೇನೆ. ಎರಡು ತಿಂಗಳು ನಿನ್ನ ಮೇಲೆ ಸಿಟ್ಟಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮೂವತ್ತೈದು ವರ್ಷ ನಾನು ಯಾರ ಬಾಗಿಲನ್ನೂ ತಟ್ಟಿದವಳಲ್ಲ. ಮದುವೆಯಾದವನು ಬಿಟ್ಟು ಹೋದಾಗಲೂ ಯಾಕೆ ಎಂದು ಕೇಳಲಿಲ್ಲ, ನನ್ನ ಮುಖ ನೋಡಲು ಇಷ್ಟವಿಲ್ಲದವರು ಹೋಗುವುದು ನನಗೆ ಸಹಜ ಎನಿಸಿತ್ತು. ಅದನ್ನೆಲ್ಲ ನಿನ್ನ ಒಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ, ಗೊತ್ತು. ಆಗ ನೀನೂ ಹುಡುಗನೇ. ಆದರೆ ಅವಳು ನನ್ನನ್ನು ಕೇಳುತ್ತಿದ್ದಳು ಎಂಬುದನ್ನು ಇಷ್ಟು ವರ್ಷ ನೀನೊಬ್ಬನೇ ಇಟ್ಟುಕೊಂಡೆಯಲ್ಲ.

ಜುಲೈ ಇಪ್ಪತ್ತೆರಡಕ್ಕೆ ಡಾಕ್ಟರ ಹತ್ತಿರ ಹೋದೆ. ಅಮ್ಮನಿಗೂ ಇತ್ತು ಎಂದೆ. ಅವರು ಫೈಲಿನಲ್ಲಿ ಬರೆದುಕೊಂಡರು. "ಅವರಿಗೆ ಯಾವ ಔಷಧಿ ಕೊಡ್ತಿದ್ರು?" ಎಂದರು. ಏನೂ ಕೊಡುತ್ತಿರಲಿಲ್ಲ, ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು ಎಂದೆ. ಅವರು ಪೆನ್ನು ಕೆಳಗಿಟ್ಟರು. ನಾನು ಅಲ್ಲೇ ಅತ್ತೆ. ಈ ಸಲ ಯಾರೂ ಟೆನ್ಷನ್ ಎನ್ನಲಿಲ್ಲ.

ಹೊಸ ಔಷಧಿ ಹಿಡಿದಿದೆ. ಆಗಸ್ಟಿನಲ್ಲಿ ಒಂಬತ್ತು ದಿನ ನೋವಿತ್ತು, ಈ ತಿಂಗಳು ಇಲ್ಲಿಯವರೆಗೆ ಮೂರು. ಪೂರ್ತಿ ಹೋಗುವುದಿಲ್ಲವಂತೆ, ಅದನ್ನು ಮೊದಲೇ ಹೇಳಿದ್ದಾರೆ. ಮೇಡಂ ಕತ್ತರಿ ಕೈಗೆ ಕೊಟ್ಟಿದ್ದಾರೆ. ಟ್ಯೂಬ್‌ಲೈಟನ್ನೂ ಬದಲಾಯಿಸಿದರು, ನಾನು ಬಾಯಿಬಿಟ್ಟು ಕೇಳಿದ ಮೇಲೆ.

ಕಳೆದ ಭಾನುವಾರ ಎದ್ದಾಗ ತಲೆ ಹಗುರವಾಗಿತ್ತು. ಮಧ್ಯಾಹ್ನವಾದರೂ ಹಾಗೇ ಇತ್ತು. ಪರದೆ ಪೂರ್ತಿ ಸರಿಸಿದೆ. ಕೋಣೆಯಲ್ಲಿ ಎಷ್ಟು ಧೂಳಿತ್ತು ಎಂದು ಆಗ ಕಂಡಿತು, ಗುಡಿಸಿದೆ. ಆಮೇಲೆ ಮಾಡಲು ಏನೂ ತೋಚಲಿಲ್ಲ. ನೋವಿದ್ದರೆ ಮಲಗಬಹುದಿತ್ತು. ಬೀದಿಯ ಕೊನೆಯವರೆಗೆ ನಡೆದು ಹೋಗಿ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತೆ. ಎಷ್ಟೋ ಬಸ್ಸು ಬಂದು ಹೋದವು. ಇವತ್ತು ನನಗೆ ಎಲ್ಲೂ ನೋಯುತ್ತಿಲ್ಲ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದಲ್ಲಿ ಕೂತವರಿಗೆ ಹೇಳುವ ಮಾತಲ್ಲ ಅದು. ನರ್ಸಮ್ಮ ಮಗಳ ಮನೆಗೆ ಹೋಗಿದ್ದರು. ಸಂಜೆ ಎದ್ದು ವಾಪಸು ಬಂದೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಕ್ಷಮಿಸಲು ಅಲ್ಲ, ಒಂದು ವಿಷಯ ಕೇಳಲು.

ನೋವಿದ್ದಾಗ ಅಮ್ಮ ಹೇಗಿದ್ದಳು ಎಂದು ಬರೆದಿದ್ದೀಯ. ನೋವು ಇಳಿದ ದಿನ ಎದ್ದು ಕೂರುತ್ತಿದ್ದಳು ಎಂದೂ ಬರೆದಿದ್ದೀಯ. ಎದ್ದು ಕೂತ ಮೇಲೆ ಏನು ಮಾಡುತ್ತಿದ್ದಳು ಅಣ್ಣ? ಹೊರಗೆ ಬರುತ್ತಿದ್ದಳಾ? ಯಾರ ಹತ್ತಿರ ಮಾತಾಡುತ್ತಿದ್ದಳು? ನಗುತ್ತಿದ್ದಳಾ? ನನಗೆ ಅಂಥ ಒಂದು ದಿನವೂ ನೆನಪಿಲ್ಲ, ಕೇಳಲು ನಿನ್ನನ್ನು ಬಿಟ್ಟು ಇನ್ಯಾರೂ ಉಳಿದಿಲ್ಲ.

ಎರಡು ಸಾಲು ಸಾಲದು. ನೆನಪಿರುವುದನ್ನೆಲ್ಲ ಬರೆ.

ಪುಟ್ಟಿ